ಅಣ್ಣಾ, ಮೇಲ್ ಹೋತೋ ಇಲ್ಲೋ?

ಹೋದ ಸೆಮಿಸ್ಟರಿನಲ್ಲಿ ಒಂದು ರಾತ್ರಿ, ಊಟ ಮುಗಿಸಿ ರೂಮಿನಲ್ಲಿ ಕೂತಿದ್ದೆ. ಮೂರನೇ ಸೆಮ್ ಹುಡುಗ ಒಬ್ಬ ತೆರೆದ ಲ್ಯಾಪ್‌ಟಾಪ್ ಹಿಡ್ಕೊಂಡೇ ಬಾಗಿಲಲ್ಲಿ ನಿಂತ.

"ಅಣ್ಣಾ, ಸ್ವಲ್ಪ ನೋಡ್ರಿ. ಮೇಲ್ ಹೋತೋ ಇಲ್ಲೋ ಗೊತ್ತಾಗವಲ್ದು."

ಅವನು ಕಳಿಸ್ತಾ ಇದ್ದದ್ದು ಲಿನಕ್ಸ್ ಕರ್ನಲ್‌ಗೆ ಒಂದು ಪ್ಯಾಚ್. ದೊಡ್ಡದೇನಲ್ಲ, ಒಂದು ಕಾಮೆಂಟಿನಲ್ಲಿದ್ದ ಸ್ಪೆಲ್ಲಿಂಗ್ ತಪ್ಪು ಸರಿ ಮಾಡಿದ್ದ. ಕರ್ನಲ್‌ಗೆ ಪ್ಯಾಚ್ ಕೊಡೋದು ಇವತ್ತಿಗೂ ಇಮೇಲ್‌ನಲ್ಲೇ. ಗಿಟ್‌ಹಬ್‌ನ ಹಾಗೆ ಹಸಿರು ಬಟನ್ ಒತ್ತಿ ಮುಗಿಸೋ ಕೆಲಸ ಅಲ್ಲ. ಅದಕ್ಕೆ ‘ಗಿಟ್ ಸೆಂಡ್-ಇಮೇಲ್’ ಅನ್ನೋ ಕಮಾಂಡ್ ಇದೆ. ಯೂಟ್ಯೂಬ್ ನೋಡಿ ಎಲ್ಲ ಸರಿಯಾಗೇ ಮಾಡಿದ್ದ. ಸ್ಕ್ರೀನ್ ತುಂಬ ಮೂವತ್ತು ನಲವತ್ತು ಸಾಲು ಬಿದ್ದಿತ್ತು. ಕೊನೆಯ ಸಾಲು ‘ರಿಸಲ್ಟ್: 250’. ಅದರ ಕೆಳಗೆ ಮತ್ತೆ ಡಾಲರ್ ಚಿಹ್ನೆ, ಏನೂ ಆಗೇ ಇಲ್ಲ ಅನ್ನೋ ಹಾಗೆ.

"ಹೋಗೈತಿ ತಮ್ಮಾ" ಅಂದೆ.

"ಹೆಂಗ್ ಗೊತ್ತಾತ್ರಿ?"

"250 ಬಂದೈತಲ್ಲ."

"ಅಯ್ಯ, ಅದು ಎರರ್ ನಂಬರ್ ಅನ್ಕೊಂಡಿದ್ನಿರಿ. ಅದಕ್ಕ ಮತ್ತ ಎರಡ್ ಸಲ ಕಳಿಸೀನಿ."

ಒಂದೇ ಪ್ಯಾಚ್ ಮೂರು ಸಲ ಹೋಗಿತ್ತು. ನಾಲ್ಕು ದಿನದ ಮೇಲೆ ಆ ಭಾಗವನ್ನು ನೋಡಿಕೊಳ್ಳುವವರು ಎರಡು ಸಾಲಿನ ಉತ್ತರ ಬರೆದರು. ಮೂರರಲ್ಲಿ ಯಾವುದನ್ನು ತಗೋಬೇಕು, ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ಕೇಳಿದ್ದರು. ಬೈದಿರಲಿಲ್ಲ. ಆದರೂ ಹುಡುಗ ನಾಚಿಕೊಂಡು ಉತ್ತರ ಕೊಡಲಿಲ್ಲ, ರೆಡಿ ಮಾಡಿಟ್ಟಿದ್ದ ಎರಡನೇ ಪ್ಯಾಚನ್ನೂ ಕಳಿಸಲಿಲ್ಲ. "ನನಗ ಇದು ಆಗೂದಲ್ರಿ" ಅಂದ. ಸಿ ಭಾಷೆ ಬರುತ್ತಿತ್ತು, ಗಿಟ್ ಬರುತ್ತಿತ್ತು, ಇಂಗ್ಲಿಷ್ ಸಹ ಬರುತ್ತಿತ್ತು. ಬರದೇ ಇದ್ದದ್ದು ಒಂದೇ ಒಂದು ಸಾಲು ಓದೋದು.

ಅವತ್ತಿಂದ ನನ್ನ ತಲೆಯಲ್ಲಿ ಒಂದೇ ವಿಚಾರ. ನಾವು ಬರೆಯೋ ಗೈಡುಗಳು, ನೋಡೋ ವಿಡಿಯೋಗಳು, ವರ್ಕ್‌ಶಾಪಿನ ಸ್ಲೈಡುಗಳು ಎಲ್ಲವೂ ‘ಏನು ಟೈಪ್ ಮಾಡಬೇಕು’ ಅಂತ ಹೇಳುತ್ತವೆ. ಟೈಪ್ ಮಾಡಿದ ಮೇಲೆ ಮೆಷಿನ್ ಏನು ಹೇಳುತ್ತೆ, ಅದರಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಅಂತ ಹೇಳೋರು ಯಾರೂ ಇಲ್ಲ. ಇನ್‌ಪುಟ್‌ಗೆ ಸಾವಿರ ಗೈಡ್, ಔಟ್‌ಪುಟ್‌ಗೆ ಒಂದೂ ಇಲ್ಲ. ನಮ್ಮ ಕನ್ನಡ ಬಳಗ ಟೆಕ್ನಿಕಲ್ ಬರವಣಿಗೆ ಅಂತ ಏನಾದರೂ ಶುರು ಮಾಡೋದಾದರೆ ಅದು ಇಲ್ಲಿಂದಲೇ ಶುರುವಾಗಬೇಕು, ಔಟ್‌ಪುಟ್ ಓದೋದನ್ನು ಕಲಿಸೋದರಿಂದ, ಅಂತ ನನ್ನ ವಾದ.

ಹಾಗೆ ನೋಡಿದರೆ ನಮ್ಮ ಓದಿನಲ್ಲಿ ಔಟ್‌ಪುಟ್‌ಗೆ ಜಾಗ ಕೊಟ್ಟಿದ್ದಾರೆ. ಲ್ಯಾಬ್ ರೆಕಾರ್ಡ್. ಪ್ರೋಗ್ರಾಂ ಬರೆದು, ಕೆಳಗೆ ‘ಔಟ್‌ಪುಟ್’ ಅಂತ ಹೆಡಿಂಗ್ ಹಾಕಿ, ಸ್ಕೇಲಿಟ್ಟು ಗೆರೆ ಎಳೆದು ಚಂದಗೆ ಬರೀತೀವಿ. ಅದನ್ನು ಸ್ವಂತ ಸ್ಕ್ರೀನ್ ನೋಡಿ ಬರೆದವರು ಎಷ್ಟು ಜನ ಇದ್ದೀರಿ? ನಾನಂತೂ ಅಲ್ಲ. ಸೀನಿಯರ್ ರೆಕಾರ್ಡಿನಿಂದ ಇಳಿಸಿದ್ದೇನೆ, ಅವರು ಅವರ ಸೀನಿಯರ್ ರೆಕಾರ್ಡಿನಿಂದ. ಎಲ್ಲ ಕಾಲೇಜಿನಲ್ಲೂ ಇದೇ ಕಥೆ ಅಂತ ಬೇರೆ ಊರಿನ ಗೆಳೆಯರು ಹೇಳ್ತಾರೆ. ಹೀಗೆ ನಾಲ್ಕು ವರ್ಷ ಔಟ್‌ಪುಟ್ ಅಂದರೆ ಸಹಿ ಹಾಕಿಸಿಕೊಳ್ಳೋಕೆ ಇರೋ ವಸ್ತು ಅಂತ ಕಲಿತವರು, ನಿಜವಾದ ಔಟ್‌ಪುಟ್ ಎದುರಿಗೆ ಬಂದಾಗ ಕಣ್ಣು ಪಿಳಿಪಿಳಿ ಬಿಡೋದು ಸಹಜ.

ಸರಿ, ಬರೀಬೇಕು ಅಂದರೆ ಏನು ಬರೀಬೇಕು? ಆ ಹುಡುಗನ ಸ್ಕ್ರೀನನ್ನೇ ಇಟ್ಟುಕೊಂಡು ನೋಡೋಣ. ಸಂದೇಶಗಳು ಇರೋದು ಇಂಗ್ಲಿಷಿನಲ್ಲಿ, ಇಲ್ಲಿ ಓದೋಕೆ ಸುಲಭ ಆಗಲಿ ಅಂತ ಕನ್ನಡ ಲಿಪಿಯಲ್ಲಿ ಕೊಡ್ತೀನಿ.

ಮೊದಲ ಪೆಟ್ಟು ಬೀಳೋದು ಕಮಾಂಡ್ ಓಡೋಕೂ ಮುಂಚೆ. ಉಬುಂಟುವಿನಲ್ಲಿ ಗಿಟ್ ಹಾಕಿಕೊಂಡು ನೇರ ಇದನ್ನು ಓಡಿಸಿದರೆ ‘ಸೆಂಡ್-ಇಮೇಲ್ ಈಸ್ ನಾಟ್ ಎ ಗಿಟ್ ಕಮಾಂಡ್’ ಅಂತ ಬರುತ್ತೆ. ಓದಿದವರಿಗೆ ಏನನ್ನಿಸುತ್ತೆ? ತಾನೇ ಸ್ಪೆಲ್ಲಿಂಗ್ ತಪ್ಪು ಹೊಡೆದೆ ಅಂತ. ನಾಲ್ಕು ಸಲ ತಿದ್ದಿ ತಿದ್ದಿ ಹೊಡೀತಾರೆ. ಅಸಲಿಗೆ ಡೆಬಿಯನ್, ಉಬುಂಟುಗಳಲ್ಲಿ ಈ ಕಮಾಂಡ್ ‘ಗಿಟ್-ಇಮೇಲ್’ ಅನ್ನೋ ಬೇರೆ ಪ್ಯಾಕೇಜಿನಲ್ಲಿದೆ, ಅದನ್ನು ಹಾಕಿಕೊಂಡರೆ ಮುಗೀತು. ಸಂದೇಶದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ತೋರಿಸೋ ದಾರಿ ಬೇರೆ, ನಾವು ಹೋಗಬೇಕಾದ ದಾರಿ ಬೇರೆ.

ಮುಂದೆ ಅದು ಪ್ರಶ್ನೆ ಕೇಳೋಕೆ ಶುರು ಮಾಡುತ್ತೆ. ಯಾರಿಗೆ ಕಳಿಸಬೇಕು ಅಂತ ನೀವು ಮೊದಲೇ ಹೇಳಿರದಿದ್ದರೆ ಅದನ್ನು ಕೇಳುತ್ತೆ. ಆಮೇಲೆ, ಇದು ಹಳೆಯ ಯಾವುದಾದರೂ ಮೇಲ್‌ಗೆ ಉತ್ತರವಾ, ಆಗಿದ್ದರೆ ಆ ಮೇಲ್‌ನ ಮೆಸೇಜ್-ಐಡಿ ಏನು ಅಂತ ಕೇಳುತ್ತೆ. ಹೊಸಬರು ಪ್ರಶ್ನಾರ್ಥಕ ಚಿಹ್ನೆ ಕಂಡ ಕೂಡಲೇ ‘ವೈ’ ಅಥವಾ ‘ಎನ್’ ಒತ್ತಿಬಿಡ್ತಾರೆ. ಬೇಕಾಗಿದ್ದದ್ದು ಬರೀ ಎಂಟರ್. ಇದು ಹಳ್ಳಿ ಹುಡುಗರ ತಪ್ಪು, ಕನ್ನಡ ಮೀಡಿಯಂ ತಪ್ಪು ಅನ್ಕೋಬೇಡಿ. ಜಗತ್ತಿನ ತುಂಬ ಇದೇ ಆಗಿ ಆಗಿ, 2012ರಲ್ಲಿ ಗಿಟ್ ಮೇಂಟೇನರ್ ಜುನಿಯೊ ಹಮಾನೊ ಅವರೇ ಒಂದು ಬದಲಾವಣೆ ಹಾಕಿದರು. ಇಂಥ ಪ್ರಶ್ನೆಗೆ ನೋಡಿದರೇ ಸರಿಯಿಲ್ಲದ ಉತ್ತರ ಕೊಟ್ಟರೆ ಗಿಟ್ ಈಗ ‘ಖಂಡಿತಾ ಇದನ್ನೇ ಬಳಸಬೇಕಾ?’ ಅಂತ ಮತ್ತೊಮ್ಮೆ ಕೇಳುತ್ತೆ. ಟೂಲ್ ಬರೆದವರೇ ಒಪ್ಪಿಕೊಂಡ ಗೊಂದಲ ಇದು.

ನಂತರ ‘ಆ್ಯಡಿಂಗ್ ಸಿಸಿ’ ಅಂತ ಶುರುವಾಗೋ ಸಾಲುಗಳು. ನೀವು ಹೇಳದೇ ಇದ್ದವರ ಅಡ್ರೆಸ್ ಕೂಡ ಇಲ್ಲಿ ಬಂದಿರುತ್ತೆ. ನಮ್ಮ ಹುಡುಗ ಹೆದರಿದ್ದು ಇಲ್ಲೇ, "ಇವರಿಗೆಲ್ಲ ನಾ ಕಳ್ಸಿಲ್ರಿ" ಅಂದ. ಪ್ಯಾಚಿನ ಒಳಗೆ ‘ಸೈನ್ಡ್-ಆಫ್-ಬೈ’ ಅಂತ ಸಹಿ ಹಾಕಿದವರನ್ನು, ‘ಸಿಸಿ’ ಅಂತ ಬರೆದವರನ್ನು ಟೂಲ್ ತಾನಾಗಿ ಹುಡುಕಿ ಪಟ್ಟಿಗೆ ಸೇರಿಸುತ್ತೆ. ಯಾವ ಸಾಲು ನೋಡಿ ಸೇರಿಸಿದೆ ಅಂತಾನೂ ಪಕ್ಕದಲ್ಲೇ ಹೇಳಿರುತ್ತೆ. ಓದಿದರೆ ಹೆದರೋಕೆ ಏನೂ ಇಲ್ಲ. ಹಾಗೆ ಯಾರನ್ನಾದರೂ ಸೇರಿಸಿದಾಗ ಒಂದು ಉದ್ದ ಪ್ಯಾರಾನೂ ಬರುತ್ತೆ, ಪಟ್ಟಿ ಬೆಳೆದಿದೆ, ಅದಕ್ಕೆ ಕೇಳ್ತಾ ಇದೀನಿ ಅಂತ. ಸ್ಕ್ರೀನಿನಲ್ಲಿ ಇರೋ ಅತಿ ದೊಡ್ಡ ಪ್ಯಾರಾ ಅದೇ ಆಗಿರೋದರಿಂದ ಏನೋ ದೊಡ್ಡ ಎಡವಟ್ಟು ಆಗಿದೆ ಅನ್ನಿಸುತ್ತೆ. ಏನೂ ಆಗಿರೋದಿಲ್ಲ.

ಅದರ ಕೆಳಗೆ ‘ಸೆಂಡ್ ದಿಸ್ ಇಮೇಲ್?’. ಆವರಣದಲ್ಲಿ ಐದು ಆಯ್ಕೆ: ಹೌದು, ಬೇಡ, ತಿದ್ದು, ನಿಲ್ಲಿಸು, ಎಲ್ಲ. ಈ ಕೊನೆಯ ‘ಎ’ ಬಗ್ಗೆ ಕೆಂಪಕ್ಷರದಲ್ಲಿ ಬರೀಬೇಕು. ಐದು ಪ್ಯಾಚ್ ಸಾಲಾಗಿ ಇದ್ದರೆ ‘ಎ’ ಒತ್ತಿದ ಮೇಲೆ ಉಳಿದವುಗಳಿಗೆ ಅದು ಮತ್ತೆ ಕೇಳೋದೇ ಇಲ್ಲ. ಮೇಲ್ ಒಮ್ಮೆ ಹೋದ ಮೇಲೆ ವಾಪಸ್ ಕರೆಯೋ ದಾರಿಯೂ ಇಲ್ಲ. ವಾಟ್ಸಾಪ್‌ನ ‘ಡಿಲೀಟ್ ಫಾರ್ ಎವ್ರಿಒನ್’ ಅಭ್ಯಾಸ ಇರೋ ನಮಗೆ ಇದನ್ನು ಒತ್ತಿ ಹೇಳಬೇಕು.

ಪಾಸ್‌ವರ್ಡ್ ಕೇಳೋ ಸಾಲಿನದು ಬೇರೆ ಪ್ರಹಸನ. ಟೈಪ್ ಮಾಡಿದರೆ ಚುಕ್ಕಿಯೂ ಇಲ್ಲ, ನಕ್ಷತ್ರವೂ ಇಲ್ಲ. ಕೀಬೋರ್ಡ್ ಕೆಟ್ಟಿದೆ ಅಂತ ಯುಎಸ್‌ಬಿ ಕೀಬೋರ್ಡ್ ಹುಡುಕಿಕೊಂಡು ಹೋದವರನ್ನು ನೋಡಿದ್ದೇನೆ.

ಕಳಿಸಿ ಮುಗಿದ ಮೇಲೆ ‘ಓಕೆ. ಲಾಗ್ ಸೇಸ್’ ಅಂತ ಬಂದು, ಸರ್ವರ್ ಹೆಸರು, ‘ಮೇಲ್ ಫ್ರಮ್’, ‘ಆರ್‌ಸಿಪಿಟಿ ಟು’, ಮತ್ತೆ ‘ಫ್ರಮ್’, ‘ಟು’ ಎಲ್ಲ ಬರುತ್ತೆ. ಇದ್ಯಾಕೆ ಎರಡೆರಡು ಸಲ ಫ್ರಮ್? ಒಂದು ಲಕೋಟೆ ಮೇಲಿನ ವಿಳಾಸ, ಇನ್ನೊಂದು ಒಳಗಿನ ಕಾಗದದ ತಲೆಯಲ್ಲಿ ಬರೆದಿರೋ ವಿಳಾಸ. ಪೋಸ್ಟ್‌ಮ್ಯಾನ್ ನೋಡೋದು ಲಕೋಟೆಯನ್ನು, ಓದುವವರು ನೋಡೋದು ಕಾಗದವನ್ನು. ಮೇಲ್ ತಲುಪದೆ ವಾಪಸ್ ಬಂದರೆ ಲಕೋಟೆ ಮೇಲಿನ ವಿಳಾಸಕ್ಕೇ ಬರುತ್ತೆ. ಇದನ್ನು ಒಂದು ಸಲ ತಿಳಿದರೆ ಆ ನಾಲ್ಕು ಸಾಲು ಜನ್ಮಪೂರ್ತಿ ಮರೆಯೋದಿಲ್ಲ.

ಇನ್ನು 250. ಇದಕ್ಕೆ ನಾನು ಒಂದು ಪೂರ್ತಿ ಪುಟ ಇಡ್ತೀನಿ. ಇದು ಗಿಟ್ ಹೇಳೋ ಮಾತಲ್ಲ. ಆ ಕಡೆ ಇರೋ ಮೇಲ್ ಸರ್ವರ್ ಹೇಳೋ ಮಾತು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮಾವಳಿ, ಅಂದರೆ ಆರ್‌ಎಫ್‌ಸಿ 821, ಇದನ್ನು ಗೊತ್ತು ಮಾಡಿತು. ಸರ್ವರ್ ಪ್ರತಿ ಮಾತಿಗೂ ಮೂರಂಕಿಯ ಉತ್ತರ ಕೊಡಬೇಕು. ಮೊದಲ ಅಂಕಿ ನೋಡಿದರೆ ಅರ್ಧ ಕಥೆ ತಿಳಿಯುತ್ತೆ. 2 ಬಂದರೆ ಆತು. 3 ಬಂದರೆ ಇನ್ನೂ ಹೇಳು, ಕೇಳ್ತಾ ಇದೀನಿ. 4 ಬಂದರೆ ನಾಳೆ ಬಾ. 5 ಬಂದರೆ ಆಗೂದಿಲ್ಲ, ಹೋಗು. (‘ನಾಳೆ ಬಾ’ ಅಂತ ಬಾಗಿಲ ಮೇಲೆ ಬರೆದ ಕಥೆಯನ್ನು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಇಲ್ಲಿ ದೆವ್ವ ನಾವೇ, ಮತ್ತು ನಾಳೆ ನಿಜವಾಗಿಯೂ ಬರಬೇಕು.) 4 ಬಂದವರು ಅದೇ ಪ್ಯಾಚನ್ನು ಸ್ವಲ್ಪ ಹೊತ್ತು ಬಿಟ್ಟು ಕಳಿಸಬೇಕು. 5 ಬಂದವರು ಹಾಗೇ ಮತ್ತೆ ಕಳಿಸಿದರೆ ಉಪಯೋಗ ಇಲ್ಲ, ಏನೋ ತಿದ್ದಬೇಕು. 2 ಬಂದವರು ಸುಮ್ಮನೆ ಕೂರಬೇಕು. ನಮ್ಮ ಹುಡುಗ 2 ಬಂದಾಗ 4ರ ಕೆಲಸ ಮಾಡಿದ, ಅಷ್ಟೇ ಆಗಿದ್ದು.

ಆದರೆ 250 ಅಂದರೆ ‘ತಲುಪಿತು’ ಅಂತಲೂ ಅಲ್ಲ. ಗದಗ ಬಸ್ ಸ್ಟ್ಯಾಂಡಿನಲ್ಲಿ ಪಾರ್ಸಲ್ ಕೊಟ್ಟರೆ ರಸೀದಿ ಕೊಡ್ತಾರಲ್ಲ, ಅಷ್ಟು. ಮಾಲು ನಮ್ಮ ಕೈಗೆ ಬಂತು, ಇನ್ನು ಜವಾಬ್ದಾರಿ ನಮ್ಮದು ಅಂತ ಕೌಂಟರಿನವರು ಬರೆದುಕೊಟ್ಟ ಹಾಗೆ. ಹುಬ್ಬಳ್ಳಿಯಲ್ಲಿ ಇಳಿಸಿಕೊಂಡರು ಅಂತ ಆ ರಸೀದಿ ಹೇಳೋದಿಲ್ಲ. ಮೊದಲ ಸರ್ವರ್ 250 ಕೊಟ್ಟ ಮೇಲೂ ಮುಂದಿನ ಸರ್ವರ್ ‘ಇಂಥ ವಿಳಾಸ ಇಲ್ಲ’ ಅನ್ನಬಹುದು. ಆಗ ‘ಮೇಲರ್-ಡೀಮನ್’ ಹೆಸರಿನಲ್ಲಿ ನಿಮಗೊಂದು ವಾಪಸ್ ಮೇಲ್ ಬರುತ್ತೆ. ಹಾಗಾಗಿ 250ರ ಕೆಳಗೆ ಬರೀಬೇಕಾದ ಮಾತು: ‘ಮತ್ತೆ ಕಳಿಸಬೇಡಿ. ಸ್ವಲ್ಪ ಹೊತ್ತು ಬಿಟ್ಟು ನಿಮ್ಮ ಇನ್‌ಬಾಕ್ಸ್, ಸ್ಪ್ಯಾಮ್ ಎರಡೂ ನೋಡಿ.’ ಈ ಎರಡು ವಾಕ್ಯ ಆ ರಾತ್ರಿ ಅವನ ಹತ್ತಿರ ಇದ್ದಿದ್ದರೆ ಸಾಕಿತ್ತು.

535 ಬಂದವರಿಗೂ ಒಂದು ಮಾತು. ಯೂಸರ್‌ನೇಮ್ ಪಾಸ್‌ವರ್ಡ್ ಒಪ್ಪಲಿಲ್ಲ ಅನ್ನುತ್ತೆ ಅದು. ಹುಡುಗರು ತಮ್ಮ ಪಾಸ್‌ವರ್ಡೇ ಮರೆತೆವು ಅಂತ ರಿಸೆಟ್ ಮಾಡಿಕೊಳ್ತಾರೆ. ಜಿಮೇಲ್‌ನಲ್ಲಿ ಮೇ 2022ರ ಕೊನೆಯಿಂದ ಮಾಮೂಲಿ ಪಾಸ್‌ವರ್ಡ್ ಇಂಥ ಟೂಲುಗಳಿಗೆ ನಡೆಯೋದಿಲ್ಲ. ಟು-ಸ್ಟೆಪ್ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೋಬೇಕು. ಅದಕ್ಕಿಂತ ಹಳೆಯ ವಿಡಿಯೋ ನೋಡಿದವರೆಲ್ಲ ಇಲ್ಲಿ ಮುಗ್ಗರಿಸ್ತಾರೆ.

ಇಷ್ಟು ಹೊತ್ತು ಹೇಳಿದ್ದು ಸಮಯ ಹಾಳಾಗೋ ವಿಷಯ, ನಾಚಿಕೆಯಾಗೋ ವಿಷಯ. ಇದಕ್ಕಿಂತ ಗಂಭೀರವಾದದ್ದು ಒಂದಿದೆ, ಅದು ನನ್ನದೇ ತಪ್ಪು. ಎರಡನೇ ವರ್ಷದಲ್ಲಿ ನನಗೂ ಮೇಲ್ ಹೋಗ್ತಾ ಇರಲಿಲ್ಲ. ಯಾರೋ ‘ಎಸ್‌ಎಂಟಿಪಿ-ಡೀಬಗ್ ಆನ್ ಮಾಡಿ ಔಟ್‌ಪುಟ್ ಕಳ್ಸು’ ಅಂದರು. ಆನ್ ಮಾಡಿದೆ. ಸರ್ವರ್‌ಗೂ ನನಗೂ ನಡೆದ ಮಾತುಕತೆ ಪೂರ್ತಿ ಬಂತು. ಹಾಗೇ ಕಾಪಿ ಮಾಡಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಐದು ನಿಮಿಷದಲ್ಲಿ ಒಬ್ಬ ಸೀನಿಯರ್ ಫೋನ್ ಮಾಡಿದರು. "ಮೊದ್ಲ ಆ ಮೆಸೇಜ್ ತಗಿ. ಆಮ್ಯಾಲ ಪಾಸ್‌ವರ್ಡ್ ಬದ್ಲಿ ಮಾಡು. ಆಮ್ಯಾಲ ಮಾತಾಡೂಣು."

ಆ ಔಟ್‌ಪುಟ್‌ನಲ್ಲಿ ‘ಆಥ್’ ಅಂತ ಶುರುವಾಗೋ ಒಂದು ಸಾಲಿತ್ತು, ಮುಂದೆ ಅರ್ಥವಿಲ್ಲದ ಅಕ್ಷರಗಳ ಸರಮಾಲೆ. ನಾನು ಅದನ್ನು ಎನ್‌ಕ್ರಿಪ್ಟ್ ಆಗಿದೆ ಅನ್ಕೊಂಡಿದ್ದೆ. ಅದು ಬೇಸ್64. ಬೀಗ ಅಲ್ಲ, ಬರೀ ಬೇರೆ ಥರದ ಬರವಣಿಗೆ. ಮೋಡಿ ಲಿಪಿಯಲ್ಲಿ ಬರೆದ ಹಾಗೆ, ಓದೋಕೆ ಬರೋರಿಗೆ ಎಲ್ಲ ಕಾಣುತ್ತೆ. ಲಿನಕ್ಸಿನಲ್ಲಿ ಒಂದೇ ಕಮಾಂಡಿಗೆ ನನ್ನ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಬಿಚ್ಚಿಕೊಳ್ಳುತ್ತೆ. ತಂತಿಯ ಮೇಲೆ ಹೋಗುವಾಗ ಟಿಎಲ್‌ಎಸ್ ಅದನ್ನು ಕಾಯುತ್ತೆ. ಆದರೆ ನನ್ನ ಸ್ಕ್ರೀನಿನ ಮೇಲೆ ಬಿದ್ದದ್ದು ಟಿಎಲ್‌ಎಸ್‌ನ ಒಳಗಿನ ಮಾತು, ಅದನ್ನು ಕಾಯಬೇಕಾದವನು ನಾನು.

ಎಲ್ಲ ಕಡೆ ‘ಡೀಬಗ್ ಆನ್ ಮಾಡಿ’ ಅಂತ ಬರೆದಿದ್ದಾರೆ. ‘ಆಥ್ ಸಾಲನ್ನು ಅಳಿಸಿ ಆಮೇಲೆ ಯಾರಿಗಾದರೂ ತೋರಿಸಿ’ ಅಂತ ಅದರ ಪಕ್ಕದಲ್ಲೇ ಬರೆದದ್ದನ್ನು ನಾನು ನೋಡಿದ ಯಾವ ವಿಡಿಯೋದಲ್ಲೂ ಕೇಳಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತೆ: "ಈಗೆಲ್ಲ ಎಐ ಐತಲ್ಲೋ, ಔಟ್‌ಪುಟ್ ಪೇಸ್ಟ್ ಮಾಡಿದ್ರ ಅದೇ ಹೇಳ್ತೈತಿ." ಹೇಳುತ್ತೆ, ನಿಜ. ನಾನೂ ಕೇಳ್ತೀನಿ. ಆದರೆ 250 ಎರರ್ ಅಂತ ನಂಬಿದ ಹುಡುಗ ಎಐಗೂ ‘ನನ್ನ ಮೇಲ್ ಹೋಗ್ತಿಲ್ಲ’ ಅಂತಲೇ ಕೇಳ್ತಾನೆ. ಅದು ಪಾಪ, ಹೋಗದೇ ಇರೋಕೆ ಹತ್ತು ಕಾರಣ ಕೊಡುತ್ತೆ. ಮತ್ತೆ ಆಥ್ ಸಾಲು ಯಾವುದು ಅಂತ ಗೊತ್ತಿಲ್ಲದವನು ಪೇಸ್ಟ್ ಮಾಡುವಾಗ ಅದನ್ನೂ ಸೇರಿಸಿಯೇ ಕೊಡ್ತಾನೆ. ಕೇಳೋಕೂ ಮುಂಚೆ ತಿಳಿದಿರಬೇಕಾದ ಸ್ವಲ್ಪ ವಿಷಯ ಇರುತ್ತೆ, ಅಷ್ಟನ್ನಾದರೂ ನಾವು ಬರೆದಿಡಬೇಕು.

"ಮ್ಯಾನ್ ಪೇಜ್ ಓದಬೇಕಪ್ಪ" ಅನ್ನೋರೂ ಇದ್ದಾರೆ. ಓದಿದ್ದೇನೆ. ಅದರ ಬಹುಪಾಲು ಆಯ್ಕೆಗಳ ಪಟ್ಟಿ, ಅಂದರೆ ಮತ್ತೆ ಇನ್‌ಪುಟ್. ಔಟ್‌ಪುಟ್ ಬಗ್ಗೆ ಬರೆಯೋ ಕಡೆಯೂ ಒಂದೇ ಸಾಲಿನಲ್ಲಿ ಮುಗಿಸಿರ್ತಾರೆ. ‘ನಾಟ್‌ಮಚ್’ ಅಂತ ಒಂದು ಟೂಲ್ ಇದೆ, ಟರ್ಮಿನಲ್ಲಿನಲ್ಲೇ ಮೇಲ್ ಹುಡುಕೋಕೆ. ಸರ್ಚ್ ಮಾಡಿದರೆ ಪ್ರತಿ ಸಾಲಿನಲ್ಲೂ ಚೌಕ ಕಂಸದಲ್ಲಿ 1/3 ಅಂತ ಏನೋ ಬರುತ್ತೆ. ಮೂರರಲ್ಲಿ ಒಂದು ಓದಿದ್ದೀನಿ ಅಂತ ನಾನು ಎಷ್ಟೋ ದಿನ ತಿಳಿದಿದ್ದೆ. ಅಲ್ಲ. ಆ ಮಾತುಕತೆಯಲ್ಲಿ ಒಟ್ಟು ಮೂರು ಮೇಲ್, ಅದರಲ್ಲಿ ನೀವು ಹುಡುಕಿದ್ದಕ್ಕೆ ಸಿಕ್ಕಿದ್ದು ಒಂದು. ಪಕ್ಕದ ಹೆಸರುಗಳ ನಡುವೆ ಒಂದು ಉದ್ದ ಗೆರೆ ಇರುತ್ತೆ. ಗೆರೆಯ ಈಚೆ ಇರೋರ ಮೇಲ್ ಹುಡುಕಾಟಕ್ಕೆ ಸಿಕ್ಕಿದೆ, ಆಚೆ ಇರೋರು ಅದೇ ಮಾತುಕತೆಯಲ್ಲಿ ಇದ್ದಾರೆ ಅಷ್ಟೇ. ತಿಳಿದ ಮೇಲೆ ಎಷ್ಟು ಚಂದದ ಸಾಲು ಅನ್ನಿಸುತ್ತೆ! ತಿಳಿಯೋ ತನಕ ಕಸ.

ಇನ್ನು ಕೆಲವು ಟೂಲುಗಳು ಏನೂ ಹೇಳೋದೇ ಇಲ್ಲ. ‘ಎಂಎಸ್‌ಎಂಟಿಪಿ’ಯಿಂದ ಮೇಲ್ ಕಳಿಸಿದರೆ, ಸರಿಯಾಗಿ ಹೋದರೆ, ಒಂದಕ್ಷರ ಬರೋದಿಲ್ಲ. ಯುನಿಕ್ಸ್‌ನ ಹಳೆಯ ಸಂಪ್ರದಾಯ ಅದು, ಮೌನಂ ಸಮ್ಮತಿ ಲಕ್ಷಣಂ. ಖಾತ್ರಿ ಬೇಕಾದವರು ‘ಎಕೋ’ ಮುಂದೆ ಡಾಲರ್, ಪ್ರಶ್ನಾರ್ಥಕ ಹಾಕಿ ಸೊನ್ನೆ ಬಂತಾ ನೋಡಬೇಕು. ಏನೂ ಬರದೇ ಇರೋದೂ ಔಟ್‌ಪುಟ್ಟೇ, ಅದಕ್ಕೂ ಒಂದು ಸಾಲು ಬರೀಬೇಕು.

ಈಗ ಬಳಗದ ಸಭೆಯಲ್ಲಿ ಜಗಳ ಆಗೋ ವಿಷಯಕ್ಕೆ ಬರ್ತೀನಿ. ಸಂದೇಶಗಳನ್ನೇ ಕನ್ನಡಕ್ಕೆ ಅನುವಾದ ಮಾಡಿಬಿಡೋಣ ಅನ್ನೋ ಗೆಳೆಯರಿದ್ದಾರೆ. ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳನ್ನು ಕನ್ನಡಕ್ಕೆ ತರೋಕೆ ನಮ್ಮವರು ವರ್ಷಗಟ್ಟಲೆ ದುಡಿದಿದ್ದಾರೆ, ಆ ಕೆಲಸದ ಬಗ್ಗೆ ನನಗೆ ಗೌರವ ಇದೆ. ಗಿಟ್‌ನಲ್ಲೂ ಸಂದೇಶಗಳನ್ನು ಬೇರೆ ಭಾಷೆಗೆ ತರೋ ವ್ಯವಸ್ಥೆ ಇದೆ, ಜರ್ಮನ್, ಸ್ವೀಡಿಶ್, ಚೈನೀಸ್ ಎಲ್ಲ ಆಗಿದೆ. ಆದರೂ ಮೇಲ್ ಟೂಲ್‌ನ ಔಟ್‌ಪುಟ್ ವಿಷಯದಲ್ಲಿ ನಾನು ಅನುವಾದದ ಪರ ಇಲ್ಲ, ಸದ್ಯಕ್ಕಂತೂ ಇಲ್ಲ.

ಒಂದು, 535ರ ಪಕ್ಕ ಬರೋ ಇಂಗ್ಲಿಷ್ ವಾಕ್ಯ ದೂರದ ಸರ್ವರ್‌ನದು, ಗಿಟ್‌ನದಲ್ಲ. ನಾವು ಎಷ್ಟು ಅನುವಾದ ಮಾಡಿದರೂ ಅದು ಇಂಗ್ಲಿಷ್‌ನಲ್ಲೇ ಬರುತ್ತೆ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಸ್ಕ್ರೀನ್ ನೋಡಿ ಹೊಸಬ ಇನ್ನೂ ಗಲಿಬಿಲಿ ಆಗ್ತಾನೆ. ಎರಡು, ಎರರ್ ಬಂದಾಗ ಅದೇ ಸಾಲನ್ನು ಸರ್ಚ್ ಮಾಡಬೇಕು, ಅನುವಾದ ಆದ ಸಾಲನ್ನು ಸರ್ಚ್ ಮಾಡಿದರೆ ಏನೂ ಸಿಗೋದಿಲ್ಲ. ಮೂರು, ಟರ್ಮಿನಲ್‌ನಲ್ಲಿ ಕನ್ನಡ ಇನ್ನೂ ನೆಟ್ಟಗೆ ಕೂರೋದಿಲ್ಲ. ಟರ್ಮಿನಲ್ ಸ್ಕ್ರೀನನ್ನು ಸಮ ಅಳತೆಯ ಮನೆಗಳಾಗಿ ಕೊಯ್ದು ಇಟ್ಟಿರುತ್ತೆ, ಒಂದು ಅಕ್ಷರಕ್ಕೆ ಒಂದು ಮನೆ. ನಮ್ಮ ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯುನಿಕೋಡ್‌ಗೆ ಆರು. ಬಹಳಷ್ಟು ಟರ್ಮಿನಲ್ಲುಗಳಲ್ಲಿ ಒತ್ತು ಒಂದು ಕಡೆ, ದೀರ್ಘ ಒಂದು ಕಡೆ ಹಾರಿಹೋಗಿರುತ್ತೆ.

ಕನ್ನಡ ಮತ್ತು ಈ ಟೂಲ್ ಮುಖಾಮುಖಿಯಾಗೋ ಇನ್ನೊಂದು ಜಾಗ ಇದೆ, ಅದನ್ನಂತೂ ನಾವೇ ಬರೀಬೇಕು, ಬೇರೆ ಯಾರೂ ಬರೆಯೋದಿಲ್ಲ. ಅಭ್ಯಾಸಕ್ಕೆ ಅಂತ ಸಬ್ಜೆಕ್ಟ್‌ನಲ್ಲಿ ‘ಗದಗ’ ಅಂತ ಬರೆದು ನನಗೆ ನಾನೇ ಒಂದು ಪ್ಯಾಚ್ ಕಳಿಸಿಕೊಂಡೆ. ಔಟ್‌ಪುಟ್‌ನಲ್ಲಿ ಬಂದದ್ದು ‘=ಇ0=ಬಿ2=97=ಇ0=ಬಿ2=ಎ6=ಇ0=ಬಿ2=97’. ಮೂರಕ್ಷರದ ಊರು 27 ಚಿಹ್ನೆ ಆಗಿ ಕೂತಿತ್ತು. ಕೆಟ್ಟಿದೆ ಅಂತ ಅಳಿಸಿಬಿಟ್ಟೆ, ಕನ್ನಡ ನಡೆಯೋದಿಲ್ಲ ಅಂತ ತೀರ್ಮಾನವನ್ನೂ ಮಾಡಿದೆ. ಆಮೇಲೆ ಇನ್‌ಬಾಕ್ಸ್ ತೆರೆದರೆ ‘ಗದಗ’ ಅಂತ ಅಚ್ಚುಕಟ್ಟಾಗಿ ಬಂದಿದೆ! ಇಮೇಲ್‌ನ ತಲೆಬರಹ ಮೂಲದಲ್ಲಿ ಬರೀ ಇಂಗ್ಲಿಷ್ ಅಕ್ಷರಕ್ಕೆ ಅಂತ ಮಾಡಿದ್ದು. ಬೇರೆ ಲಿಪಿಗಳನ್ನು ಅದೇ ಚೀಲದಲ್ಲಿ ತುಂಬಿ ಕಳಿಸೋ ವಿಧಾನವನ್ನು 1996ರ ಆರ್‌ಎಫ್‌ಸಿ 2047 ಹೇಳುತ್ತೆ. ಯುಟಿಎಫ್-8ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೆ ಮೂರು ಬೈಟ್, ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಇಲ್ಲವೇ ಬಿ3. ಹಾಗಾಗಿ ಇ0, ಬಿ2 ಅಂತ ಸಾಲುಸಾಲಾಗಿ ಕಂಡರೆ ಹೆದರಬೇಡಿ, ಅದು ಕನ್ನಡವೇ, ಪ್ರಯಾಣದ ಬಟ್ಟೆ ಹಾಕಿಕೊಂಡಿದೆ. ಇದನ್ನು ತಿಳಿಯದೆ ‘ಕನ್ನಡ ಸಪೋರ್ಟ್ ಇಲ್ಲ’ ಅಂತ ಕೈಬಿಟ್ಟವರು ನಾನೊಬ್ಬನೇ ಇರಲಿಕ್ಕಿಲ್ಲ.

ಆದ್ದರಿಂದ ಸಂದೇಶ ಇಂಗ್ಲಿಷಿನಲ್ಲಿ ಇದ್ದ ಹಾಗೇ ಇರಲಿ, ಅದರ ಕೆಳಗೆ ವಿವರಣೆ ನಾವು ಮಾತಾಡೋ ಕನ್ನಡದಲ್ಲಿ ಇರಲಿ. ಇಂಗ್ಲಿಷ್ ಬರದವರಿಗೆ ಅಂತ ಅಲ್ಲ. ‘ಓಕೆ’, ‘ರಿಸಲ್ಟ್’, ‘ಸರ್ವರ್’ ಇದರಲ್ಲಿ ಯಾವ ಪದ ನಮಗೆ ಬರೋದಿಲ್ಲ? ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಹುಡುಗನೂ 250 ನೋಡಿ ಇಷ್ಟೇ ಪೆದ್ದನಾಗ್ತಾನೆ. ಹೊಸಬ ರಾತ್ರಿ ಹತ್ತಕ್ಕೆ ಬಾಗಿಲಿಗೆ ಬಂದು ‘ಹೋತೋ ಇಲ್ಲೋ’ ಅಂತ ಕೇಳ್ತಾನಲ್ಲ, ಉತ್ತರವೂ ಅದೇ ಮಾತಿನಲ್ಲಿ ಇರಬೇಕು ಅಂತ. ‘ಔಟ್‌ಪುಟ್’ಗೆ ‘ಹೊರಹರಿವು’, ‘ಟರ್ಮಿನಲ್’ಗೆ ಇನ್ನೇನೋ ಅಂತ ಪದ ಹುಟ್ಟಿಸೋ ಕೆಲಸಕ್ಕೆ ಕೂತರೆ ಸೆಮಿಸ್ಟರ್ ಮುಗಿಯುತ್ತೆ, ಪುಟ ಮುಗಿಯೋದಿಲ್ಲ.

ಬರೆಯೋದು ಹೇಗೆ ಅಂತಲೂ ಸ್ವಲ್ಪ ಹೇಳ್ತೀನಿ. ಔಟ್‌ಪುಟ್ ಅನ್ನು ನೆನಪಿನಿಂದ ಬರೀಬಾರದು, ರೆಕಾರ್ಡಿನಿಂದ ಇಳಿಸಲೂಬಾರದು. ಓಡಿಸಿ, ಬಂದದ್ದನ್ನು ಹಾಗೇ ತಗೋಬೇಕು. ಅಭ್ಯಾಸಕ್ಕೆ ‘ಡ್ರೈ-ರನ್’ ಅಂತ ಒಂದು ಆಯ್ಕೆ ಇದೆ, ಎಲ್ಲ ಮಾಡಿದ ಹಾಗೆ ತೋರಿಸಿ ‘ಡ್ರೈ-ಓಕೆ’ ಅನ್ನುತ್ತೆ, ಮೇಲ್ ಮಾತ್ರ ಹೋಗೋದಿಲ್ಲ. ಆ ‘ಡ್ರೈ’ ಅನ್ನೋ ಪದ ಗಮನಿಸದೆ ವಾರಗಟ್ಟಲೆ ಉತ್ತರಕ್ಕೆ ಕಾದವರೂ ಇದ್ದಾರೆ, ಅದನ್ನೂ ಬರೀಬೇಕು. ಉದಾಹರಣೆಯಲ್ಲಿ ಗೆಳೆಯರ ನಿಜವಾದ ವಿಳಾಸ ಹಾಕಬೇಡಿ. ‘ಎಕ್ಸಾಂಪಲ್ ಡಾಟ್ ಕಾಮ್’ ಅನ್ನೋ ಹೆಸರನ್ನು ಇಂಥ ಬರವಣಿಗೆಗೆ ಅಂತಲೇ 1999ರಿಂದ ಮೀಸಲಿಟ್ಟಿದ್ದಾರೆ. ಔಟ್‌ಪುಟ್ ವರ್ಷ ವರ್ಷ ಬದಲಾಗುತ್ತೆ ಅನ್ನೋದು ನಿಜ, ಅದಕ್ಕೆ ಪುಟದ ತಲೆಯಲ್ಲಿ ಗಿಟ್‌ನ ವರ್ಷನ್ ಬರೆಯಿರಿ. 250 ಅಂತೂ 1982ರಿಂದ ಬದಲಾಗಿಲ್ಲ.

ಆಮೇಲೆ ಬರೆದ ಪುಟವನ್ನು ಒಬ್ಬ ಜೂನಿಯರ್ ಕೈಗೆ ಕೊಟ್ಟು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಇದು ಕಷ್ಟ. ಸೀನಿಯರ್ ಆದ ಮೇಲೆ ಬಾಯಿ ಸುಮ್ಮನಿರೋದಿಲ್ಲ. ಆದರೆ ಅವನು ಎಲ್ಲಿ ನಿಂತು ನಿಮ್ಮ ಮುಖ ನೋಡ್ತಾನೋ ಅಲ್ಲಿ ಒಂದು ಸಾಲು ಕಡಿಮೆಯಾಗಿದೆ ಅಂತ ಅರ್ಥ.

ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು ಅಂತ ಈ ಕಡೆಯ ಎಲ್ಲ ಭಾಷಣಗಳಲ್ಲೂ ಕೇಳಿ ನಿಮಗೆ ಸಾಕಾಗಿರಬಹುದು. ನನಗೂ ಸಾಕಾಗಿದೆ. ಆದರೆ ಈ ಕೆಲಸಕ್ಕೆ ಅದೇ ಲೆಕ್ಕ ಸರಿ. ಒಬ್ಬನೇ ಕೂತು ಎಲ್ಲ ಎರರ್ ಬರಿಸಿಕೊಳ್ಳೋಕೆ ಆಗೋದಿಲ್ಲ. ಒಬ್ಬೊಬ್ಬರ ಮೆಷಿನ್ನಿಗೆ ಒಂದೊಂದು ಬರುತ್ತೆ. ಬಂದವರು ಬಂದದ್ದನ್ನು ತಂದು ಒಂದು ಕಡೆ ಹಾಕಬೇಕು, ಬೇಕಾದವರು ತಗೋಬೇಕು.

ನಾನು ಗಿಟ್ ಸೆಂಡ್-ಇಮೇಲ್‌ನ ಪುಟ ಶುರು ಮಾಡಿದ್ದೇನೆ. ಬಾಗಿಲಿಗೆ ಬಂದಿದ್ದ ಆ ಹುಡುಗನೇ ಮೊದಲ ಓದುಗ. ಮೂರು ಕಡೆ ನನ್ನ ಮುಖ ನೋಡಿದ, ಮೂರು ಸಾಲು ಸೇರಿಸಿದೆ. ಎರಡನೇ ಪ್ಯಾಚ್ ಕಳಿಸೋ ಮಾತು ಅವನು ಇನ್ನೂ ಆಡಿಲ್ಲ. ನಾನೂ ಕೇಳಿಲ್ಲ. 250, 535, 550 ಬರೆದಾಗಿದೆ. 4ರಿಂದ ಶುರುವಾಗೋ ಸಾಲುಗಳ ಜಾಗ ಖಾಲಿ ಇದೆ, ನನಗೆ ಒಂದು ಸಲವೂ ಬಂದಿಲ್ಲ. 421, 451 ಯಾರ ಸ್ಕ್ರೀನಿನಲ್ಲಾದರೂ ಬಂದಿದ್ದರೆ ಹಾಗೇ ಕಾಪಿ ಮಾಡಿ ಬಳಗದ ಯಾರ ಕೈಯಲ್ಲಾದರೂ ಕೊಡ್ರಿ. ಆಥ್ ಸಾಲು ಅಳಿಸಿ ಕೊಡ್ರಿ, ಮತ್ತ.